ಅಕ್ಕೋರ ಪರಿಮಳದ ಬೇಲಿ

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಎರಡು ತಿಂಗಳು ತಡವಾಗಿ, ಅದೂ ವಾಚ್‌ಮನ್ ಬಾಯಿಂದ. ನನ್ನ ಹಳೆಯ ವಿಳಾಸಕ್ಕೆ ಬಂದು ಬಿದ್ದಿದ್ದ ಒಂದು ಕಾಗದ ತರಲು ಹೈದರಾಬಾದಿನ ಮಿಯಾಪುರದ ಆ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. "ಟೀಚರಮ್ಮ ಚನಿಪೋಯಾರು ಸಾರ್" ಎಂದು ಹೇಳಿ ಅವನು ಲಿಫ್ಟು ಕೆಟ್ಟ ವಿಷಯಕ್ಕೆ ಹೋದ. ಅವರ ತಂಗಿಯ ಮಗ ಬಂದು ಎಲ್ಲ ಮುಗಿಸಿ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದನಂತೆ. ನಾನು ಅವರ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತೆ. ಕಿಟಕಿಗೂ ಕಾಂಪೌಂಡಿಗೂ ನಡುವೆ ನಾಲ್ಕು ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ಒಂದು ಕಾಲಕ್ಕೆ ದಾರಿಯಲ್ಲಿ ಹೋಗುವವರು ನಿಂತು ಉಸಿರು ಎಳೆದುಕೊಳ್ಳುತ್ತಿದ್ದ ಜಾಗ ಅದು. ಈಗ ಬೋಳು. ಅಲ್ಲಿ ಒಂದು ತುಳಸಿಯನ್ನೂ ಯಾರೂ ನೆಡಕೂಡದೆಂದು ಟೀಚರಮ್ಮ ಕೊನೆಯವರೆಗೂ ಜಗಳ ಆಡುತ್ತಿದ್ದರು, ಯಾಕೋ ಗೊತ್ತಿಲ್ಲ ಎಂದ ವಾಚ್‌ಮನ್. ಯಾಕೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡು ಬಂದಿದ್ದೇನೆ.

ರಾಯಚೂರು ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎಂದು ಕರೆಯುತ್ತಾರೆ. ಇವರು ಲಿಂಗಸುಗೂರು ಕಡೆಯವರು. ಹೈದರಾಬಾದಿನ ಹಳೆ ಶಹರದಲ್ಲಿ, ಮಕ್ಕಳಿಲ್ಲದೆ ಆಮೇಲೆ ಮುಚ್ಚಿಹೋದ ಒಂದು ಕನ್ನಡ ಶಾಲೆಯಲ್ಲಿ, ಮೂವತ್ತು ವರ್ಷ ಒಂದನೇ ತರಗತಿಗೆ ಅಕ್ಷರ ತಿದ್ದಿಸಿ ನಿವೃತ್ತರಾದವರು. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ನಾನು ಮೈಸೂರಿನಿಂದ ಆ ಊರಿಗೆ ಬಂದದ್ದು ಬಂಡೆಗುಡ್ಡಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳಲ್ಲಿ. ಮಿಯಾಪುರಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಕಂಪನಿಯ ಕ್ಯಾಬು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಮೊದಲನೇ ಮಹಡಿಯ ಮನೆ ಹಿಡಿದಿದ್ದೆ. ಬಂದ ದಿನವೇ ಲಿಫ್ಟು ಕೈಕೊಟ್ಟು, ಗ್ಯಾಸ್ ಸಿಲಿಂಡರನ್ನು ಮೆಟ್ಟಿಲ ಮೇಲೆ ಎಳೆಯುತ್ತ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದೆ. ಕೆಳಗಿನಿಂದ ಒಂದು ದನಿ ಬಂತು: "ಯಾರಪ್ಪಾ ಅದು, ಕನ್ನಡದಾಗ ಬೈಯಾಕತ್ತಿದ್ದು? ಬಾ ಇಲ್ಲಿ. ಮೊದಲ ಚಾ ಕುಡಿ, ಆಮ್ಯಾಲ ನಿಧಾನಕ್ಕ ಬೈಯುವಂತಿ."

ಹೊರಗೆ ತೆಲುಗು, ಹಿಂದಿ ಎರಡನ್ನೂ ಸರಾಗ ಮಾತಾಡುತ್ತಿದ್ದ ಅವರಿಗೆ ಕನ್ನಡ ಆಡುವ ಒಂದು ಕಿವಿ ಬೇಕಿತ್ತು. ನನಗೆ ಊಟ ಬೇಕಿತ್ತು. ಅವರ ಜೋಳದ ರೊಟ್ಟಿಗೂ ಪುಂಡಿಪಲ್ಯಕ್ಕೂ ನಾನು ಬೇಗ ಪಳಗಿದೆ. ನನ್ನ ಮೈಸೂರು ಮಾತು ಕೇಳಿ ಅವರು, "ನೀವು ಮೈಸೂರ ಮಂದಿ ಮಾತಾಡಾಕತ್ತರ ಏನೋ ಅರ್ಜಿ ಕೊಟ್ಟಂಗ ಇರತೈತಿ ನೋಡು" ಎಂದು ನಗುತ್ತಿದ್ದರು.

ಅಕ್ಕೋರ ಮೂಗಿನ ಬಗ್ಗೆ ಹೇಳಲೇಬೇಕು. ಮೂರನೇ ಮಹಡಿಯಲ್ಲಿ ಬೇಳೆ ತಳ ಹಿಡಿದರೆ ಕೆಳಗೆ ಕೂತು ಹೇಳುತ್ತಿದ್ದರು. ಸಿಗರೇಟು ಬಿಟ್ಟೆನೆಂದು ನಾನು ಊರಿಗೆ ಫೋನಿನಲ್ಲಿ ಕೊಚ್ಚಿಕೊಂಡ ದಿನ, "ಬಿಟ್ಟಿದ್ದು ಭಾಳ ಚಲೋ ಆತು. ಸಂಜಿಗೆ ಸೇದಿದ್ದು ಯಾರು?" ಎಂದು ಕೇಳಿದ್ದರು. ಆ ಮೂಗು ತಯಾರಾದದ್ದು ಶಾಲೆಯಲ್ಲಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಂತ ಮಕ್ಕಳ ಮುಂದೆ ಬಗ್ಗಿ, ಒಬ್ಬೊಬ್ಬರಿಂದಲೂ ಜೋರಾಗಿ 'ಅ' ಅನ್ನಿಸುತ್ತಿದ್ದರಂತೆ. ಅಕ್ಕೋರು ಉಚ್ಚಾರಣೆ ತಿದ್ದುತ್ತಿದ್ದಾರೆ ಎಂದು ಹೆಡ್‌ಮಾಸ್ತರರು ತಿಳಿದಿದ್ದರು. "ಉಚ್ಚಾರಣಿ ಯಾರಿಗೆ ಬೇಕಿತ್ತೋ ತಮ್ಮಾ. ಖಾಲಿ ಹೊಟ್ಟಿ ಮಕ್ಕಳ ಬಾಯಿ ಒಂದು ಥರಾ ನಾರತೈತಿ. ಕೇಳಿದ್ರ ಉಂಡು ಬಂದೀನ್ರಿ ಅಂತಾವು. ಅದಕ್ಕ ಕೇಳತಿದ್ದಿಲ್ಲ, ಮೂಸಿ ನೋಡತಿದ್ದೆ." ಅಂಥ ಮಕ್ಕಳಿಗಾಗಿ ಅವರ ಚೀಲದಲ್ಲಿ ಚುರುಮುರಿ, ಪುಠಾಣಿ ಇರುತ್ತಿದ್ದವು.

ನಾನು ಬಂದ ಎರಡನೇ ವರ್ಷ ಪಕ್ಕದ ಖಾಲಿ ನಿವೇಶನದಲ್ಲಿ ದೊಡ್ಡ ಅಪಾರ್ಟ್‌ಮೆಂಟಿನ ಕೆಲಸ ಶುರುವಾಯಿತು. ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ತಗಡಿನ ಹತ್ತು ಹನ್ನೆರಡು ಶೆಡ್ಡುಗಳು ಎದ್ದವು. ಕೆಲಸಕ್ಕೆ ಬಂದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ಅವರಿಗೆ ಬಿಲ್ಡರು ಒಂದು ಕಕ್ಕಸನ್ನೂ ಕಟ್ಟಿಸಿರಲಿಲ್ಲ. ನಿವೇಶನದ ಅಂಚಿನ ಜಾಲಿಮರೆಯೇ ಎಲ್ಲರಿಗೂ ಗತಿ. ಬೆಳಿಗ್ಗೆ ಗಾಳಿ ಈ ಕಡೆ ತಿರುಗಿದರೆ ಕೆಳಗಿನ ಮನೆಗಳಿಗೆ ವಾಸನೆ ಬರುತ್ತಿತ್ತು. ಉಳಿದವರು ಕಿಟಕಿ ಮುಚ್ಚಿಕೊಂಡು ಬೈದರು. ಅಂಥ ಮೂಗಿನ ಅಕ್ಕೋರಿಗೆ ಅನ್ನ ಸೇರದಂತಾಯಿತು. ಆದರೆ ಅವರು ಬೈಯಲಿಲ್ಲ. "ಬೈದ್ರ ವಾಸನಿ ಹೋಗತೈತೇನು? ಎದುರಿಗೆ ಇನ್ನೊಂದು ವಾಸನಿ ನಿಂದರಿಸಬೇಕು" ಎಂದು ನಾಂಪಲ್ಲಿ ಕಡೆಗೆ ಬಸ್ಸು ಹತ್ತಿ ಹೋಗಿ ಒಂದು ಚೀಲ ತುಂಬ ಸಸಿ ತಂದರು.

ಅವರು ತೋಟ ಮಾಡಿದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ವಾರ, ದಿನಕ್ಕೆ ಮೂರು ಸಲ, ಕಾಂಪೌಂಡಿನ ಉದ್ದಕ್ಕೂ ಊದಿನಕಡ್ಡಿ ಹಚ್ಚಿ ಹಿಡಿದು ಹೊಗೆ ಯಾವ ಕಡೆಗೆ ವಾಲುತ್ತದೆಂದು ನೋಡಿದರು. ಗಾಳಿ ಒಳಗೆ ನುಗ್ಗುವ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿದರು. ಗುರುತಿದ್ದಲ್ಲಿ ಮರುಗ, ದವನ, ಕಾಮಕಸ್ತೂರಿ. ಗೇಟಿನ ಪಕ್ಕ ಮಜ್ಜಿಗೆಹುಲ್ಲು, ಅದೂ ಗೇಟು ತೆಗೆದಾಗಲೆಲ್ಲ ಅದರ ಅಂಚು ಹುಲ್ಲಿಗೆ ಉಜ್ಜುವಷ್ಟು ಹತ್ತಿರ. "ಇವು ಸುಮ್ಮನ ನಿಂತ್ರ ಏನೂ ಕೊಡೂದಿಲ್ಲ. ಮುಟ್ಟಿದ್ರಷ್ಟ ಪರಿಮಳ" ಎಂದು ಮರುಗದ ಸಾಲಿಗೆಲ್ಲ ಒಂದು ಹುರಿ ಕಟ್ಟಿ, ಹುರಿಯ ತುದಿಯನ್ನು ಅಡುಗೆಮನೆಯ ಕಿಟಕಿಯೊಳಗೆ ತಂದರು. ವಾಸನೆ ಬಂದಾಗ ಒಲೆಯ ಮುಂದೆ ನಿಂತೇ ಹುರಿ ಜಗ್ಗುವುದು. ಹೊರಗೆ ಇಡೀ ಸಾಲು ಅಲುಗಾಡಿ ಪರಿಮಳ ಮೇಲೆ ನನ್ನ ಮನೆಯವರೆಗೂ ಬರುತ್ತಿತ್ತು. ನಾನು ಅದಕ್ಕೆ ಅಕ್ಕೋರ ಶಾಲೆ ಗಂಟೆ ಎಂದು ಹೆಸರಿಟ್ಟಿದ್ದೆ.

ಗೋಡೆಯಾಚೆಗಿನವರ ಮಾತು ಅವರ ಕಿವಿಗೆ ಬೀಳುತ್ತಿತ್ತು. ಅವರದೇ ಕಡೆಯ ಮಾತು. ಮೊದಮೊದಲು ಅಕ್ಕೋರು ಗೊತ್ತಿಲ್ಲದವರಂತೆ ಇದ್ದರು. ಒಂದು ದಿನ ಗೋಡೆಯಾಚೆಯಿಂದ ಒಬ್ಬ ಹೆಣ್ಣುಮಗಳು ಇಣುಕಿ, "ದವನ ಏನ್ರೀ ಅದು? ನಮ್ಮೂರಾಗ ಗುಡಿ ಮುಂದ ಐತ್ರಿ" ಎಂದಳು. ದೇವದುರ್ಗದ ಹತ್ತಿರದವಳು, ಹೆಸರು ಹನುಮವ್ವ. ಸೊಂಟದ ಮೇಲೆ ಎರಡು ವರ್ಷದ ಕೂಸು, ಗಿರಿಜಾ. ಅಂದಿನಿಂದ ಅವಳಿಗೂ ಇವರು ಅಕ್ಕೋರು. ದಿನಾ ಬೆಳಿಗ್ಗೆ ಒಂದು ಎಳೆ ದವನವೋ ಕಾಮಕಸ್ತೂರಿಯೋ ಗೋಡೆ ದಾಟುತ್ತಿತ್ತು. ಕೊಡುವಾಗ ಅಕ್ಕೋರು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಒಂದು ಸಲ ಕೂಸು ಅದನ್ನು ನೋಡಿ ತಾನೂ ಅಂಗಿಯ ಅಂಚನ್ನು ಮೂಗಿಗೆ ಹಿಡಿದು ನಕ್ಕಿತಂತೆ. "ಸಣ್ಣ ಕೂಸಿನ ಮುಂದ ನನ್ನ ಮಾರಿ ಎಲ್ಲಿ ಇಟ್ಟುಕೊಳ್ಳಲಿ" ಎಂದು ಸಂಜೆ ನನ್ನ ಹತ್ತಿರ ಹೇಳಿದರು. ಆಮೇಲೆ ಅವರು ಗೋಡೆಯ ಹತ್ತಿರ ಸೆರಗು ಎತ್ತಿದ್ದನ್ನು ನಾನು ನೋಡಲಿಲ್ಲ.

ಒಂದು ಭಾನುವಾರ ಅವರು ದುಂಡುಮಲ್ಲಿಗೆಯ ಒಂದು ಬಳ್ಳಿ ತಂದು, ಗುಂಡಿ ತೋಡಲು ನನ್ನನ್ನು ಕರೆದರು. ಅವರ ಮೊಣಕಾಲು ಅಷ್ಟರಲ್ಲಿ ಕೈಕೊಟ್ಟಿತ್ತು. ಹಾರೆ ಹಿಡಿದು ಅಭ್ಯಾಸವಿಲ್ಲದ ನಾನು ಎರಡು ಅಡಿ ಇಳಿಯುವಷ್ಟರಲ್ಲಿ ಬೆವೆತು ನೀರಾಗಿದ್ದೆ. ಆಗ ಹಾರೆ ಏನಕ್ಕೋ ತಾಗಿ ಟೊಳ್ಳು ಸದ್ದು ಬಂತು. "ಏನೋ ಇದೆ ಅಕ್ಕೋರೆ" ಎಂದೆ. ಅವರು ಕಿಟಕಿಯಿಂದ, "ಕಲ್ಲಿರಬೇಕು. ಈ ಊರಾಗ ಎಲ್ಲಿ ಅಗದ್ರೂ ಕಲ್ಲ. ಜೋರ ಹಾಕು" ಎಂದರು. ಜೋರು ಹಾಕಿದೆ. ಮೂರನೇ ಏಟಿಗೆ ಅದು ಕುಸಿಯಿತು. ಬಗ್ಗಿ ನೋಡಿದರೆ ತಳದಲ್ಲಿ ಹಂಚಿನಂಥ ಒಂದು ಕೆಂಪು ಚೂರು, ಅದರ ಸುತ್ತ ತೇವ. ಕಲ್ಲು ಹಾಗಿರುವುದಿಲ್ಲ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಹೇಳಿದರೆ ಬೇರೆ ಗುಂಡಿ ತೋಡಬೇಕು. ಟಿವಿಯಲ್ಲಿ ಮ್ಯಾಚು ಶುರುವಾಗುವುದಿತ್ತು. ನಾನು ಕಾಲಿನಿಂದ ಮಣ್ಣು ಎಳೆದು ಅದರ ಮೇಲೆ ಬಳ್ಳಿ ಇಟ್ಟೆ.

ಮಲ್ಲಿಗೆ ಹುಚ್ಚಾಪಟ್ಟೆ ಬೆಳೆಯಿತು. ಎರಡು ತಿಂಗಳಲ್ಲಿ ಗೋಡೆ ಏರಿತು, ಬೊಗಸೆಗಟ್ಟಲೆ ಮೊಗ್ಗು ಬಿಟ್ಟಿತು. ಮೇಲಿನ ಮನೆಗಳ ಹೆಂಗಸರು ಅಕ್ಕೋರ ಕೈಗುಣವನ್ನು ಹೊಗಳಿದರು. ಹನುಮವ್ವನ ಜಡೆಯಲ್ಲೂ ಕೂಸಿನ ನಾಲ್ಕು ಕೂದಲಿನಲ್ಲೂ ಮಲ್ಲಿಗೆ ಕಂಡಿತು. ಆದರೆ ಅದೇ ಎರಡು ತಿಂಗಳಲ್ಲಿ ವಾಸನೆಯೂ ಬೆಳೆಯಿತು. ಮೊದಲು ಗಾಳಿ ಬಂದಾಗ ಬರುತ್ತಿದ್ದದ್ದು ಈಗ ಹೊತ್ತುಗೊತ್ತಿಲ್ಲದೆ ಬರತೊಡಗಿತು. ಅಕ್ಕೋರು ಮತ್ತೆ ಮತ್ತೆ ಹುರಿ ಜಗ್ಗಿದರು, ಸಾಲಿಗೆ ಇನ್ನೊಂದು ಸಾಲು ಸೇರಿಸಿದರು.

ಅಪಾರ್ಟ್‌ಮೆಂಟಿನವರ ಸಭೆ ಆಯಿತು. ಇಂಗ್ಲಿಷ್ ಬರೆಯುತ್ತಾನೆ ಎಂಬ ಕಾರಣಕ್ಕೆ ನಾನೇ ಕಾರ್ಯದರ್ಶಿ. ಎಲ್ಲರೂ ಶೆಡ್ಡಿನವರ ಮೇಲೆ ಹಾರಿಬಿದ್ದರು. "ಆ ಮಂದಿ ಇರೋದೇ ಹಂಗೆ" ಎಂದು ನಾನೂ ಹೇಳಿದೆ. ಅಕ್ಕೋರು ಒಬ್ಬರೇ, "ಅವರಿಗೆ ಕಕ್ಕಸ ಕಟ್ಟಿಸಿ ಕೊಡ್ರಿ ಅಂತ ಬಿಲ್ಡರಿಗೆ ಬರೀ ತಮ್ಮಾ" ಎಂದರು. ಕಕ್ಕಸು ಕಟ್ಟಿಸಿ, ಇಲ್ಲವೇ ಶೆಡ್ಡು ತೆಗೆಸಿ ಎಂದು ನಾನು ಬರೆದೆ. ಎರಡರಲ್ಲಿ ಯಾವುದು ಸುಲಭವೋ ಅದನ್ನೇ ಬಿಲ್ಡರು ಮಾಡುತ್ತಾನೆಂದು ಬರೆಯುವಾಗಲೇ ಗೊತ್ತಿತ್ತು.

ಆ ಕಾಗದ ಹೋದ ವಾರವೇ ಗಿರಿಜಾಗೆ ವಾಂತಿಭೇದಿ ಶುರುವಾಯಿತು. "ಅಕ್ಕೋರ, ಕೂಸಿಗೆ ನಿಂದರವಲ್ತರಿ" ಎಂದು ಹನುಮವ್ವ ಗೋಡೆಯ ಹತ್ತಿರ ಕೂಗಿದಾಗ ಕೂಸಿನ ಕಣ್ಣುಗಳು ಒಳಗೆ ಹೋಗಿದ್ದವು. ಅಕ್ಕೋರು ಉಪ್ಪು ಸಕ್ಕರೆಯ ನೀರು ಮಾಡಿ ಕೊಟ್ಟು, ತಾವೇ ಆಟೋ ಮಾಡಿಸಿ ಸರಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋದರು. ಮರುದಿನ ಮಧ್ಯಾಹ್ನ ಕೂಸು ಹೋಯಿತು. ಬಳ್ಳಿಯಲ್ಲಿದ್ದ ಮೊಗ್ಗನ್ನೆಲ್ಲ ಬಿಡಿಸಿ ಅಕ್ಕೋರು ಗೋಡೆಯಾಚೆ ಕೊಟ್ಟರು. ಅಷ್ಟು ಸಣ್ಣ ಮೈಗೆ ಅದು ಹೆಚ್ಚೇ ಆಗಿತ್ತು.

ಆಮೇಲಿನ ದಿನಗಳಲ್ಲಿ ಗೋಡೆಯಾಚೆಯಿಂದ ಗಂಡನ ದನಿ ಕೇಳುತ್ತಿತ್ತು. "ಹಳಸಿದ ಅನ್ನ ಉಣಿಸಿ ಕೂಸಿನ್ನ ಕೊಂದಿ. ಹೆತ್ತ ತಾಯೇ ಕೊಂದಳು ಅಂತ ಊರಾಗ ಹೇಳತೀನಿ." ಹನುಮವ್ವ ಮೊದಲು, "ಬಿಸಿ ಅನ್ನ ಇತ್ತು, ನನ್ನಾಣೆ" ಎನ್ನುತ್ತಿದ್ದಳು. ನಾಲ್ಕು ದಿನ ಕಳೆದ ಮೇಲೆ ಅವಳ ದನಿಯೇ ಇರಲಿಲ್ಲ. ಅಕ್ಕೋರು ಒಲೆ ಆರಿಸಿ ಕಿಟಕಿಯ ಬಳಿ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಂಟನೇ ದಿನ ಬಿಲ್ಡರಿನ ಕಡೆಯವರು ನಮ್ಮ ಕಾಗದ ತೋರಿಸಿ ಶೆಡ್ಡುಗಳನ್ನು ಕೀಳಿಸಿದರು. ಜನ ತಗಡು, ಪಾತ್ರೆ ಹೊತ್ತುಕೊಂಡು ಎಲ್ಲಿಗೋ ಹೋದರು.

ನಮ್ಮವರಿಗೆಲ್ಲ ಸಮಾಧಾನ ಆಯಿತು. ಅಕ್ಕೋರು ಮಾತ್ರ ಮೂರನೇ ದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದರು. "ಮಂದಿ ಹೋದ್ರು. ವಾಸನಿ ಹೋಗಲಿಲ್ಲಲ್ಲ ತಮ್ಮಾ." ಕೆಳಗೆ ಬಂದು ನೋಡಿದರೆ ಅವರು ಮೊಣಕಾಲೂರಿ, ಕೈಯೂರಿ, ಗೋಡೆಯ ಉದ್ದಕ್ಕೂ ನೆಲವನ್ನು ಮೂಸುತ್ತ ಹೋಗುತ್ತಿದ್ದಾರೆ. ಅರವತ್ತೈದು ದಾಟಿದ ಹೆಂಗಸು. ಮರುಗ ದಾಟಿದರು, ದವನ ದಾಟಿದರು, ಮಲ್ಲಿಗೆಯ ಬುಡದಲ್ಲಿ ನಿಂತರು.

ಪ್ಲಂಬರ್ ಬಂದು ಅಗೆದ. ಇಡೀ ಅಪಾರ್ಟ್‌ಮೆಂಟಿನ ಕಕ್ಕಸು ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಮಣ್ಣಿನ ಪೈಪು ಅಲ್ಲಿ ಒಡೆದು ಬಾಯಿ ಬಿಟ್ಟುಕೊಂಡಿತ್ತು. ಮಲ್ಲಿಗೆಯ ಬೇರು ಪೈಪಿನೊಳಗೆ ಇಳಿದು ಜಡೆಗಟ್ಟಿ ಅದನ್ನು ಕಟ್ಟಿಹಾಕಿತ್ತು. ಮುಂದೆ ಹೋಗಲಾರದ ಹೊಲಸೆಲ್ಲ ಗೋಡೆಯ ಕೆಳಗಿನಿಂದ ತಗ್ಗಿನಲ್ಲಿದ್ದ ಆಚೆಯ ನಿವೇಶನಕ್ಕೆ ಇಳಿದಿತ್ತು. ಗೋಡೆಗೆ ಆರು ಅಡಿ ದೂರದಲ್ಲಿ, ನೆಲದೊಳಗೆ, ಶೆಡ್ಡಿನವರು ಕುಡಿಯಲು ಎತ್ತಿಕೊಳ್ಳುತ್ತಿದ್ದ ಇಟ್ಟಿಗೆಯ ನೀರಿನ ತೊಟ್ಟಿ. "ಪಕ್ಕೋಳ್ಳದಿ ಕಾದು ಸಾರ್, ಮನದೇ" ಎಂದ ಪ್ಲಂಬರ್. ಪಕ್ಕದವರದಲ್ಲ, ನಮ್ಮದೇ.

ಅಕ್ಕೋರು ಬಗ್ಗಿ ಆ ಗುಂಡಿಯೊಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಹಾರಿ ತಾಗಿದ್ದು ಕಲ್ಲಿಗೇನ?" ಎಂದು ಕೇಳಿದರು. "ಕಲ್ಲು ಅಂತಲೇ ಅಂದ್ಕೊಂಡಿದ್ದೆ" ಎಂದೆ. ಅವರು ಮುಖವನ್ನು ನನ್ನ ಮುಖದ ಹತ್ತಿರ ತಂದು ಒಂದು ಕ್ಷಣ ನಿಂತರು. ಉಂಡು ಬಂದೆ ಎನ್ನುವ ಮಕ್ಕಳ ಮುಂದೆ ಹೀಗೇ ನಿಲ್ಲುತ್ತಿದ್ದರೇನೋ. ಹಾಗೇ ತಿರುಗಿ ಒಳಗೆ ಹೋದರು.

ಸದ್ದಿಲ್ಲದೆ ಪೈಪು ಹಾಕಿಸಿಬಿಡೋಣ, ಊರೆಲ್ಲ ಹೇಳಿಕೊಂಡು ತಿರುಗಿದರೆ ಪೊಲೀಸರವರೆಗೂ ಹೋಗಬಹುದು ಎಂದು ನಾನು ಅವರಿಗೆ ಸಂಜೆ ಬುದ್ಧಿ ಹೇಳಿದೆ. "ಹೇಳಿದ್ರೆ ಮಗು ವಾಪಸ್ ಬರುತ್ತಾ ಅಕ್ಕೋರೆ?" ಎಂದೂ ಕೇಳಿದೆ. ಎಷ್ಟು ಜಾಣತನದ ಮಾತು ಎಂದು ನನಗೇ ಅನ್ನಿಸಿತ್ತು.

"ಕೂಸು ಬರೂದಿಲ್ಲ. ಅದು ನನಗೂ ಗೊತ್ತೈತಿ. ಆಕಿನ್ನ ದಿನಾ ಕೊಲೆಗಾರ್ತಿ ಅನ್ನಾಕತ್ತಾನಲ್ಲ, ಅದು ನಿಲ್ಲಬೇಕೋ ಬ್ಯಾಡೋ? ಆಕಿನೂ ಹೌದು ಅಂತ ನಂಬಿಬಿಟ್ಟಾಳ. ಹೇಳಬೇಕಾದವರು ಯಾರು, ನಾವಲ್ಲೇನು?"

ಮರುದಿನ ಅವರು ಇಡೀ ತೋಟವನ್ನು ಕೈಯಾರೆ ಕಿತ್ತರು. ಒಂದು ಎಲೆಯನ್ನೂ ಯಾರಿಗೂ ಕೊಡಲಿಲ್ಲ. ಹುರಿಯ ತುದಿ ಮಾತ್ರ ಎಷ್ಟೋ ದಿನ ಕಿಟಕಿಯ ಸರಳಿನಲ್ಲಿ ಜೋತಾಡುತ್ತಿತ್ತು.

ಆಮೇಲೆ ಅಕ್ಕೋರಿಗೆ ಹನುಮವ್ವನನ್ನು ಹುಡುಕುವುದೊಂದೇ ಕೆಲಸ. ದಿನಗೂಲಿಯವರು ಬುಟ್ಟಿ, ಸಲಿಕೆ ಹಿಡಿದು ಕೆಲಸ ಕೊಡುವವರಿಗೆ ಕಾಯುತ್ತ ನಿಲ್ಲುವ ಚೌರಸ್ತೆಗಳಿವೆಯಲ್ಲ, ಅಡ್ಡಾ ಎನ್ನುತ್ತಾರೆ, ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಹೋಗುತ್ತಿದ್ದರು. "ದೇವದುರ್ಗದ ಮಂದಿ ಯಾರರ ಅದೀರೇನ್ರಪಾ?" ಎಂದು ಗುಂಪಿನಿಂದ ಗುಂಪಿಗೆ ಕೇಳುತ್ತ ಹೋಗುವುದು. ಮೊಣಕಾಲು ಊದಿಕೊಂಡಿತು. ಒಂದು ಅಡ್ಡಾ ಆದ ಮೇಲೆ ಇನ್ನೊಂದು, ಹೀಗೆ ನಾಲ್ಕು ತಿಂಗಳು. ಬಿಟ್ಟುಬಿಡಿ ಎಂದು ನಾನು ಹೇಳಿದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಒಂದು ಬೆಳಿಗ್ಗೆ, "ಉಪ್ಪಲ್ ಅಡ್ಡಾದಾಗ ಅದಾರಂತ. ನೀನೂ ಬಾ" ಎಂದರು. ಬರುವೆಯಾ ಎಂದು ಕೇಳಲಿಲ್ಲ. ಹೋದೆ.

ಹನುಮವ್ವ ಗುರುತು ಸಿಗದಷ್ಟು ಸೊರಗಿದ್ದಳು. ಗಂಡನಿಂದ ದೂರ, ಬೇರೆ ಹೆಂಗಸರಿಂದಲೂ ದೂರ ನಿಂತಿದ್ದಳು. ಅಕ್ಕೋರು ಗಂಡನ ಮುಂದೆ ಹೋಗಿ ನಿಂತು, ಸುತ್ತ ಇದ್ದ ಮೂವತ್ತು ನಲವತ್ತು ಜನಕ್ಕೂ ಕೇಳುವ ಹಾಗೆ, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದರು. ಪೈಪು, ಬೇರು, ತೊಟ್ಟಿ, ಎಲ್ಲ. "ನಿನ್ನ ಹೆಂಡತಿ ಉಣಿಸಿದ ಅನ್ನದಾಗ ಏನೂ ಇದ್ದಿಲ್ಲಪಾ. ನಮ್ಮ ಮನಿ ಹೊಲಸು ನೀವು ಕುಡಿದ್ರಿ. ಅದರಿಂದ ಕೂಸು ಹೋತು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮ ವಾಸನಿ ಬರತೈತಂತ ಗಿಡಾ ಹಚ್ಚಿದ್ರಿ" ಎಂದ. ಆಮೇಲೆ, "ಪೈಪ ಒಡದವರು ಯಾರು?" ಎಂದು ಕೇಳಿದ. ಅವನ ಕೈಯಲ್ಲಿ ಸಲಿಕೆ ಇತ್ತು. ನಾನು ಅಕ್ಕೋರ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಕಂಪನಿಯ ಗುರುತಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿಕೊಂಡು ನಿಂತಿದ್ದೆ.

"ನಾನು" ಎಂದರು ಅಕ್ಕೋರು. "ಹಾರಿ ನನ್ನ ಕೈಯಾಗಿತ್ತು."

ಅವನು ಅವರ ಕಾಲ ಮೇಲೆ ಉಗಿದು ಆಚೆ ಹೋಗಿ ಕೂತ. ಹನುಮವ್ವ ಇದ್ದಲ್ಲೇ ಕುಸಿದು, "ಕೇಳಿದ್ಯಾ? ಕೇಳಿದ್ಯಾ? ನಾನಲ್ಲ" ಎಂದು ನೆಲ ಬಡಿದು ಅತ್ತಳು. ಬೇರೆ ಹೆಂಗಸರು ಬಂದು ಅವಳನ್ನು ಹಿಡಿದುಕೊಂಡರು. ಅಕ್ಕೋರು ಪಾದ ಒರೆಸಿಕೊಳ್ಳಲಿಲ್ಲ.

ವಾಪಸು ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಚೂರು ಕಂಡಿತ್ತು ನಿನಗ, ಹೌದಿಲ್ಲೋ?" ನಾನು ಹೌದೆಂದು ತಲೆಯಾಡಿಸಿದೆ. ಹೂಂ ಎಂದು ಅವರು ಕಿಟಕಿಯ ಕಡೆ ತಿರುಗಿದರು. ಎರಡು ತಿಂಗಳೊಳಗೆ ನಾನು ಆಫೀಸು ಹತ್ತಿರ ಆಗುತ್ತದೆಂದು ನೆಪ ಹೇಳಿ ಮನೆ ಬದಲಿಸಿದೆ. ಹೊರಡುವ ದಿನ ರೊಟ್ಟಿ ಕಟ್ಟಿಕೊಟ್ಟರು. ಆ ಮೇಲೆ ಒಂದು ಸಲವೂ ನಾನು ಅವರನ್ನು ನೋಡಲು ಹೋಗಲಿಲ್ಲ. ನಾಚಿಕೆ ಎಂದರೆ ಸುಲಭವಾದೀತು. ಅವರ ಮೂಗಿಗೆ ಹೆದರಿದೆ ಎಂಬುದೇ ನಿಜ.

ವಾಚ್‌ಮನ್ ಇನ್ನೂ ನನ್ನ ಪಕ್ಕದಲ್ಲೇ ನಿಂತಿದ್ದ. ಮೇಲಿನ ಮನೆಯವರು ಈ ಜಾಗದಲ್ಲಿ ಹೂವಿನ ಗಿಡ ಹಾಕಿಸಬೇಕು ಅಂತಿದ್ದಾರೆ ಸಾರ್, ಟೀಚರಮ್ಮನೂ ಇಲ್ಲವಲ್ಲ, ಗುಂಡಿ ತೋಡಿಸಲೇ ಎಂದು ತೆಲುಗಿನಲ್ಲಿ ಕೇಳಿದ.

"ಬೇಡ" ಎಂದೆ. "ಕೆಳಗೆ ಪೈಪಿದೆ. ಒಂದು ಸಲ ನಾನು ಒಡೆದಿದ್ದೆ."

ಅವನು ಸರಿ ಸಾರ್ ಎಂದು ಗೇಟು ತೆಗೆಯಲು ಹೋದ.